ಕಡಲಿಲ್ಲದ ಸೀಮೆಯ ದಡಗಳು

ಕಡಲ ತೀರದಲ್ಲಿ ಕಾಲ್ನಡಿಗೆಗೆ ಹೊರಟವನಿಗೆ ದಾರಿ ಕೇಳುವ ಕಷ್ಟವಿಲ್ಲ. ಗೋಕರ್ಣದಿಂದ ಗುಡ್ಡವೇರಿ ಕುಡ್ಲೆಗೆ ಇಳಿದು, ಅಲ್ಲಿಂದ ಮತ್ತೊಂದು ಗುಡ್ಡ ಹತ್ತಿ ಓಂ ತೀರವನ್ನು ಸೇರುವವನ ಬಲಗಡೆಯಲ್ಲಿ ಸಮುದ್ರವು ಸದಾ ಇದ್ದೇ ಇರುತ್ತದೆ. ಆ ದಡವನ್ನು ಯಾರೂ ಕಟ್ಟಲಿಲ್ಲ. ಯಾರೂ ಕಾಯಬೇಕಾಗಿಯೂ ಇಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಸೀಮೆಗೆ ಬಂದರೆ ಸಂಗತಿಯೇ ಬೇರೆ. ಇಲ್ಲಿಂದ ಕಡಲು 200 ಕಿಲೋಮೀಟರಿಗೂ ಹೆಚ್ಚು ದೂರ. ಸಹ್ಯಾದ್ರಿಯ ಆಚೆಗೇ ತಮ್ಮ ಹೊರೆಯನ್ನೆಲ್ಲ ಇಳಿಸಿಬಿಟ್ಟ ಮೋಡಗಳು ಈ ಬಂಡೆಗಳ ನಾಡಿಗೆ ಬರುವಾಗ ಬರಿಗೈಯವು. ಹೀಗಿದ್ದೂ ಇಲ್ಲಿಯ ಜನ ತಮ್ಮ ನೀರಿಗೆ ಇಟ್ಟುಕೊಂಡ ಹೆಸರುಗಳನ್ನು ನೋಡಿ: ಒಂದೂರು ಅಂಕಸಮುದ್ರ, ಇನ್ನೊಂದು ಬುಕ್ಕಸಾಗರ. ಕಡಲನ್ನು ಕಾಣದವರ ಬಡಾಯಿ ಇದು ಎಂದು ನಗುವವರು ನಗಬಹುದು. ದಡವೆಂಬುದನ್ನು ಮಣ್ಣು ಹೊತ್ತು, ಕಲ್ಲು ಕಟ್ಟಿ, ತಾವೇ ನಿರ್ಮಿಸಿಕೊಂಡವರಿಗೆ ಅಷ್ಟು ಅಭಿಮಾನ ಸಲ್ಲಬೇಕಾದದ್ದೇ ಎಂದು ನನ್ನ ಭಾವನೆ.

ಈ ದಡಗಳನ್ನು ನಡೆದೇ ನೋಡಬೇಕೆಂಬ ಹಂಬಲದಿಂದ ನಾನು ಪಾಪಿನಾಯಕನಹಳ್ಳಿಯಿಂದ ಹೊರಟೆ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿರುವ ಊರು ಇದು. ರೈಲು ನಿಲ್ದಾಣವೂ ಉಂಟು. ಬಸ್ಸಿನವರ ಬಾಯಲ್ಲಿ ಅದು ‘ಪೀಕೇಹಳ್ಳಿ’. ಊರ ಹೆಸರನ್ನು ಕೇಳಿ ಪರಸ್ಥಳದವರು ಹುಬ್ಬೇರಿಸುವುದುಂಟು. ಪಾಪಯ್ಯ, ಪಾಪಣ್ಣ, ಪಾಪಮ್ಮ ಎಂಬ ಮುದ್ದಿನ ಹೆಸರುಗಳ ಬಳಗಕ್ಕೆ ಸೇರಿದ ಯಾವನೋ ನಾಯಕನೇ ಹೊರತು ಪಾಪ ಮಾಡಿದವನಲ್ಲ ಎಂಬುದು ನನ್ನ ಊಹೆ. ದಕ್ಷಿಣಕ್ಕೆ ಸಂಡೂರಿನ ಬೆಟ್ಟಸಾಲು. ರಸ್ತೆಯ ಮೇಲೆ ಅದಿರಿನ ಲಾರಿಗಳು ಬಿಟ್ಟು ಹೋದ ಕೆಂಧೂಳು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತ್ತು. ಬಳಿಕ ಕಟ್ಟುಪಾಡುಗಳೊಡನೆ ಅದು ಮತ್ತೆ ಆರಂಭವಾಯಿತು. ಬೆಟ್ಟದ ಮೈ ಕೆದಕಿದಾಗ ಸಡಿಲವಾದ ಮಣ್ಣು ಮಳೆಯೊಡನೆ ಇಳಿದು ಬಂದರೆ ಸೇರುವುದು ಕೆಳಗಿನ ಕೆರೆಯ ಅಂಗಳವನ್ನೇ.

ಏರಿಯ ಮೇಲೆ ಅರ್ಧದಷ್ಟು ದಾರಿ ನುಣ್ಣಗೆ ಸವೆದಿತ್ತು. ಉಳಿದರ್ಧಕ್ಕೆ ಜಾಲಿ ಬೆಳೆದು ಬಟ್ಟೆ ಹಿಡಿದೆಳೆಯುತ್ತಿತ್ತು. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನ ಪಾಡು ನೋಡಿ ಹತ್ತಿರ ಬಂದರು. ‘ಅತ್ಲಾಗ ಹೋಗಬ್ಯಾಡ್ರಿ, ದಾರಿ ಇಲ್ಲ’ ಎಂದರು. ಮೊದಲು ಇತ್ತೇ ಎಂದು ಕೇಳಿದೆ. ‘ಇತ್ರಿ. ನೀರಗಂಟಿ ದಿನಾ ಈ ತುದಿಯಿಂದ ಆ ತುದಿಗೆ ಅಡ್ಡಾಡ್ತಿದ್ದ. ಇಲಿ ಬಿಲ, ಏಡಿ ಬಿಲ, ಎಲ್ಲಿ ನೀರು ಜಿನುಗತೈತಿ, ಎಲ್ಲಾ ನೋಡ್ತಿದ್ದ. ಅವನು ನಡದದ್ದಕ್ಕ ದಾರಿ ಇತ್ತು. ಈಗ ಯಾರು ನಡೀತಾರ?’ ಎಂದು ಕುರಿಗಳ ಕಡೆಗೆ ತಿರುಗಿದರು.

ಮುಂದಿನ ನಾಲ್ಕು ದಿನಗಳ ನಡಿಗೆಯಲ್ಲಿ ಈ ಮಾತು ನನ್ನ ಬೆನ್ನು ಬಿಡಲಿಲ್ಲ. ಕಡಲ ದಂಡೆಯ ಕಾಲುದಾರಿ ನೋಟಕ್ಕಾಗಿ ಹುಟ್ಟಿದ್ದು. ಕೆರೆಯ ಏರಿಯ ಕಾಲುದಾರಿ ಕಾವಲಿಗಾಗಿ ಹುಟ್ಟಿದ್ದು. ಅದು ಸವೆದಿದ್ದರೆ ಕೆರೆಗೆ ಒಡೆಯನಿದ್ದಾನೆಂದು ಅರ್ಥ. ಈಚಿನ ವರ್ಷಗಳಲ್ಲಿ ಈ ಊರಿನ ಹೆಸರಿನಲ್ಲಿಯೇ ಒಂದು ಏತ ನೀರಾವರಿ ಯೋಜನೆ ಬಂದಿದೆ. ನೀರನ್ನು ಮೇಲೆತ್ತಿ ಸುತ್ತಣ ಕೆರೆಗಳಿಗೆ ತುಂಬಿಸುವುದು ಅದರ ಉದ್ದೇಶ. ಒಳ್ಳೆಯದೇ. ಯಂತ್ರವು ನೀರನ್ನು ತಂದು ಸುರಿದೀತು, ಏರಿಯ ಮೇಲೆ ನಡೆಯಲಾರದು.

ಕೆರೆ ಕಟ್ಟುವುದನ್ನು ಶಾಸ್ತ್ರವನ್ನಾಗಿಯೇ ಮಾಡಿಕೊಂಡಿದ್ದವರು ವಿಜಯನಗರದವರು. ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿ 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವಿದೆ. ದಿನವೂ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಅದು ಲೆಕ್ಕ ಕೊಡುತ್ತದೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು, ಕೆಟ್ಟ ಕೆರೆಗೆ ಆರು ದೋಷಗಳು. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ನಡುವೆ ದಿಬ್ಬ, ನೀರು ಕಡಿಮೆಯಾಗಿ ಹರವು ಹೆಚ್ಚಾಗುವುದು, ನೀರು ಹೆಚ್ಚಾಗಿ ನೆಲ ಸಾಲದಿರುವುದು. ಇವುಗಳ ಜೊತೆಗೆ ಎರಡು ರಾಜ್ಯಗಳ ಎಲ್ಲೆಯ ಮೇಲೆ ಇರುವುದು ಕೂಡ ಒಂದು ದೋಷ. ಆಳುವವರ ಸ್ವಭಾವವನ್ನು ಬಲ್ಲವರೇ ಇದನ್ನು ಬರೆದಿರಬೇಕು!

ಆದರೆ ಬಲ್ಲವರ ಕೆರೆಗಳೂ ಒಣಗುತ್ತವೆ. ಹೊಸಪೇಟೆಯ ದಕ್ಷಿಣಕ್ಕೆ ಎರಡು ಬೆಟ್ಟಗಳ ನಡುವಣ ಕಣಿವೆಯ ಬಾಯಿಗೆ ಅಡ್ಡಲಾಗಿ ರಾಯರ ಕೆರೆಯ ಏರಿ ನಿಂತಿದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಕೆರೆಯೊಂದರ ಕೆಲಸದಲ್ಲಿ ಹದಿನೈದು ಇಪ್ಪತ್ತು ಸಾವಿರ ಜನರು ನೆಲವೇ ಕಾಣದಂತೆ ಇರುವೆಗಳ ಹಾಗೆ ಮುತ್ತಿಕೊಂಡಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಅದು ಎರಡು ಮೂರು ಸಲ ಒಡೆಯಿತು. ದೇವರು ಬಲಿ ಬೇಡುತ್ತಾನೆಂದು ಮರಣದಂಡನೆಗೆ ಅರ್ಹರಾದ ಕೈದಿಗಳ ತಲೆ ಹೊಡೆಸಿದರಂತೆ. ಅವನ ಬಳಿಕ ಬಂದ ನೂನಿಜನು ಇನ್ನೊಂದು ಸಂಗತಿ ಹೇಳುತ್ತಾನೆ. ಗೋವೆಯಿಂದ ಕರೆಸಿದ ಪೋರ್ಚುಗೀಸ್ ಕಲ್ಲುಗೆಲಸದವನು ಸುಣ್ಣ ಸುಡಿಸಬೇಕೆಂದಾಗ ರಾಯನು ನಕ್ಕುಬಿಟ್ಟನಂತೆ. ಹಗಲು ಹಾಕಿದ ಕಲ್ಲು ರಾತ್ರಿ ಕುಸಿಯುತ್ತಿತ್ತು. ಕೊನೆಗೆ ಕೆರೆ ನಿಂತಿತು. ಅದರ ನೀರಿನ ನೆಲವನ್ನು ರೈತರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟರು.

ಈ ಇಬ್ಬರ ಬರಹಗಳನ್ನು ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದ ರಾಬರ್ಟ್ ಸ್ಯೂಯೆಲ್, ಆ ಕೆರೆ ಇದೇ ಇರಬೇಕೆಂದು ಊಹಿಸಿ, ಅದು ಬಹುಕಾಲದಿಂದ ನಿರುಪಯುಕ್ತವಾಗಿದೆಯೆಂದು ಟಿಪ್ಪಣಿ ಬರೆದ. ಅಷ್ಟು ಹೊತ್ತಿಗೇ ದಕ್ಷಿಣದ ತಾಲ್ಲೂಕುಗಳಿಗೆ ಹೋಗುವ ಹೆದ್ದಾರಿಯು ಆ ಏರಿಯನ್ನೇ ಹಾದಿಯಾಗಿ ಬಳಸಿಕೊಂಡಿತ್ತು. ಅಂದರೆ ಏರಿಯ ಮೇಲೆ ಸಂಚಾರ ನಿಂತಿಲ್ಲ; ಒಂದು ಪಕ್ಕದಲ್ಲಿ ಮಾತ್ರ ನೀರಿಲ್ಲ. ಲಾರಿಗಳ ಅಬ್ಬರದ ನಡುವೆ ಅಲ್ಲಿ ನಿಂತು, ಈ ಅಗಲವಾದ ಕಣಿವೆಯನ್ನು ತುಂಬುವಷ್ಟು ಹಳ್ಳಗಳು ಎಲ್ಲಿವೆ ಎಂದು ಹುಡುಕಿದೆ. ನೀರು ಕಡಿಮೆ, ಹರವು ಹೆಚ್ಚು ಎಂಬ ಶಾಸನದ ಮಾತು ನೆನಪಿಗೆ ಬಂತು.

ಇದಕ್ಕೆ ಪ್ರತಿಯಾಗಿ ಕಮಲಾಪುರದ ಕೆರೆಯನ್ನು ನೋಡಬೇಕು. ಅದೂ ವಿಜಯನಗರದ ಕಾಲದ್ದೇ. ಆದರೆ ಅದು ಮೋಡವನ್ನು ನಂಬಿ ಕುಳಿತಿಲ್ಲ. ರಾಯ ಕಾಲುವೆಯು ತುಂಗಭದ್ರೆಯ ನೀರನ್ನು ತಂದು ಅದಕ್ಕೆ ಉಣಿಸುತ್ತದೆ. ಮುಂಜಾವಿನಲ್ಲಿ ಅದರ ಏರಿಯ ಮೇಲೆ ನಡೆದವನಿಗೆ ಇದು ಬರಗಾಲದ ಸೀಮೆಯೆಂಬುದೇ ಮರೆತುಹೋಗುತ್ತದೆ. ಒಂದು ಕಡೆ ಬಂಡೆಗುಡ್ಡಗಳ ನೆರಳನ್ನು ಹೊತ್ತ ಶಾಂತವಾದ ನೀರು, ಅದರಲ್ಲಿ ಮೀನು ಹಿಡಿಯುವವರ ಹರಿಗೋಲು. ಇನ್ನೊಂದು ಕಡೆ, ನೀರಿನ ಮಟ್ಟಕ್ಕಿಂತ ಕೆಳಗೆ, ಬಾಳೆ, ಕಬ್ಬು, ಬತ್ತ. ಇಲ್ಲಿ ಕಾಲುದಾರಿ ಸವೆದಿದೆ. ಬಟ್ಟೆ ಒಗೆಯುವವರು, ಹೊಲಕ್ಕೆ ಹೋಗುವವರು, ಶಾಲೆಯ ಮಕ್ಕಳು ಎಲ್ಲರೂ ಅದರ ಮೇಲೆಯೇ ನಡೆಯುತ್ತಾರೆ. ಹಂಪೆಗೆ ಬರುವ ವಿದ್ಯಾರ್ಥಿಗಳ ತಂಡಗಳು ಕಲ್ಲಿನ ರಥ ನೋಡಿ, ಕಮಲ ಮಹಲ್ ನೋಡಿ, ಈ ಏರಿಯ ಪಕ್ಕದಲ್ಲಿಯೇ ಬಸ್ಸಿನಲ್ಲಿ ಹಾದು ಹೋಗುತ್ತವೆ. ಇಳಿಯುವವರಿಲ್ಲ! ಆ ರಾಜಧಾನಿಯ ಕಟ್ಟಡಗಳಲ್ಲಿ ಬಹುಪಾಲು ಪಾಳಾದವು. ಕಟ್ಟಿದ ದಿನದ ಕೆಲಸವನ್ನೇ ಇಂದಿಗೂ ಮಾಡುತ್ತಿರುವುದು ಈ ಕೆರೆ ಮತ್ತು ಕಾಲುವೆಗಳು. ಉಪಾಧ್ಯಾಯರು ಇದನ್ನು ಗಮನಿಸಬೇಕೆಂದು ಬಿನ್ನಹ.

ಕಮಲಾಪುರದ ಕೆರೆಯ ಬದುಕು ಈಗ ತುಂಗಭದ್ರಾ ಜಲಾಶಯದ ಕೈಯಲ್ಲಿದೆ. ಕೃಷ್ಣದೇವರಾಯನ ಕಾಲದ ಅಣೆಕಟ್ಟೆಗಳು ಅದರಲ್ಲಿ ಮುಳುಗಿದ ಮೇಲೆ ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು. 1945ರಲ್ಲಿ ಕೆಲಸ ಆರಂಭವಾದಾಗ ಅದರ ಒಂದು ದಡ ಮದರಾಸು ಪ್ರಾಂತದ್ದು, ಇನ್ನೊಂದು ನಿಜಾಮರ ಹೈದರಾಬಾದಿನದು. ಶಾಸನವು ದೋಷವೆಂದು ಎಣಿಸಿದ್ದನ್ನೇ ಒಪ್ಪಿಕೊಂಡು ಕಟ್ಟಿದ ಅಣೆಕಟ್ಟು! 1953ರಲ್ಲಿ ಅದು ಪೂರ್ಣವಾಯಿತು. ನೀರು ಹಂಚಲು ಅದೇ ವರ್ಷ ಒಂದು ಮಂಡಳಿಯೂ ಬಂತು. ಮೊದಲು 133 ಟಿ.ಎಂ.ಸಿ. ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಹೋಯಿತು. ತುಂಬಿದ ನೀರನ್ನು ಹೊಳೆಗೆ ಬಿಟ್ಟು, ಒಂದು ವಾರದೊಳಗೆ ತಾತ್ಕಾಲಿಕ ಬಾಗಿಲನ್ನು ಇಳಿಸಿದರು. ಎಷ್ಟು ದೊಡ್ಡ ದಡವಾದರೂ ಒಂದು ಸರಪಳಿಯ ಮೇಲೆ ನಿಂತಿರುತ್ತದೆ; ಆ ಸರಪಳಿಯನ್ನು ನೋಡಿ ಬರಲು ಒಬ್ಬ ನೀರಗಂಟಿ ಬೇಕು.

ಕಟ್ಟದ ದಡವೊಂದೂ ಈ ಸೀಮೆಯಲ್ಲಿದೆ. ವಿರೂಪಾಕ್ಷನ ರಥಬೀದಿಯ ಕೊನೆಯಿಂದ ಚಕ್ರತೀರ್ಥ, ಕೋದಂಡರಾಮನ ಗುಡಿ, ಸುಗ್ರೀವನ ಗುಹೆಗಳನ್ನು ಹಾದು ವಿಜಯವಿಠಲನ ಗುಡಿಯವರೆಗೆ ಹೊಳೆಯನ್ನು ಅನುಸರಿಸಿ ಹೋಗುವ ಹಾದಿ ಅದು. ಎರಡು ಕಿಲೋಮೀಟರಿನಷ್ಟು ನಡಿಗೆ. ಹೊಳೆ ಏರಿದಾಗ ಪುರಂದರದಾಸರ ಮಂಟಪ ನೀರೊಳಗೆ ನಿಲ್ಲುತ್ತದೆ. ಹಳೆಯ ಸೇತುವೆಯ ಕಲ್ಲುಗಂಬಗಳು ಆಚೆ ದಡವನ್ನು ಮುಟ್ಟದೆ ಅಲ್ಲಿಯೇ ಸಾಲಾಗಿ ಉಳಿದಿವೆ. ಇದರ ಅಂದವನ್ನು ಬಣ್ಣಿಸಿದವರು ಅನೇಕರಿರುವುದರಿಂದ ನಾನು ಹೆಚ್ಚು ಹೇಳುವುದಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶವೆಂದು ಸಾರಲಾಯಿತು ಎಂಬುದನ್ನು ಮಾತ್ರ ನೆನೆಯುತ್ತೇನೆ. ಬಂಡೆಗಳ ಮೇಲೆ ಕಾದು ಕುಳಿತೆ. ಅವು ನನಗೆ ದರ್ಶನ ಕೊಡಲಿಲ್ಲ.

ಕೊನೆಯ ದಿನ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋದೆ. ನೂರು ಹೆಕ್ಟೇರಿಗೂ ತುಸು ಕಡಿಮೆಯ ಕೆರೆ. ನೀರಿನಲ್ಲಿ ನಿಂತ ಜಾಲಿಮರಗಳ ಮೇಲೆಲ್ಲ ಹಕ್ಕಿಗಳ ಗೂಡು. ಬಣ್ಣದ ಕೊಕ್ಕರೆಗಳು ಒಂದರ ಹೆಗಲ ಮೇಲೊಂದು ಕುಳಿತಂತೆ ಕಿಕ್ಕಿರಿದಿದ್ದವು. ಪಾಪಿನಾಯಕನಹಳ್ಳಿಯ ಏರಿಯಲ್ಲಿ ನನ್ನನ್ನು ತಡೆದ ಜಾಲಿಯೇ ಇಲ್ಲಿ ಸಾವಿರಾರು ಹಕ್ಕಿಗಳಿಗೆ ಮನೆ. 2024ರ ಜನವರಿ 31ರಂದು ರಾಮ್ಸಾರ್ ಪಟ್ಟಿಗೆ ಸೇರಿದ ಜೌಗುನೆಲಗಳಲ್ಲಿ ಕರ್ನಾಟಕದವು ಮೂರು: ಗದಗ ಜಿಲ್ಲೆಯ ಮಾಗಡಿ ಕೆರೆ, ಗೋಕರ್ಣದ ಪಕ್ಕದಲ್ಲಿಯೇ ಕಡಲನ್ನು ಕೂಡುವ ಅಘನಾಶಿನಿಯ ಅಳಿವೆ, ಮತ್ತು ಈ ಅಂಕಸಮುದ್ರ. ಏರಿಯ ಮೇಲೆ ಹಳ್ಳಿಯ ಹುಡುಗರಿಬ್ಬರು ಹಕ್ಕಿಗಳನ್ನು ಎಣಿಸುತ್ತ ಮುಂದೆ ಮುಂದೆ ಹೋಗುತ್ತಿದ್ದರು. ಲೆಕ್ಕ ತಪ್ಪಿದಾಗಲೆಲ್ಲ ಜಗಳವಾಡಿ, ತೂಬಿನ ಬಳಿಗೆ ಹಿಂದಿರುಗಿ, ಮೊದಲಿನಿಂದ ಎಣಿಸುತ್ತ ನಡೆದರು.