ಹೋದ ಹಣಕ್ಕೆ ಹೊಣೆ ಯಾರು?

ಹಿಂದಿನ ಕಾಲದಲ್ಲಿ ಜನರು ಹಣವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಅದನ್ನು ಕದಿಯಬೇಕಾದರೆ ಕಳ್ಳನು ಮನೆಗೇ ಬರಬೇಕಾಗಿತ್ತು. ಇಂದು ಬಹುಮಂದಿಯ ಉಳಿತಾಯವು ಬ್ಯಾಂಕಿನ ಖಾತೆಯಲ್ಲಿರುತ್ತದೆ. ಮೊಬೈಲ್ ಫೋನಿನ ಮೂಲಕವೇ ಅದನ್ನು ಕಳುಹಿಸಬಹುದು, ಪಡೆಯಬಹುದು. ಈ ಅನುಕೂಲದೊಡನೆ ಅಪಾಯವೂ ಬಂದಿದೆ. ಎಲ್ಲಿಯೋ ಕುಳಿತ ವಂಚಕನು ಕ್ಷಣಮಾತ್ರದಲ್ಲಿ ಒಬ್ಬರ ಜೀವಮಾನದ ಗಳಿಕೆಯನ್ನು ಅಪಹರಿಸಬಲ್ಲನು. ಹಾಗೆ ಹೋದ ಹಣದ ನಷ್ಟವನ್ನು ಹೊರಬೇಕಾದವರು ಯಾರು? ಗ್ರಾಹಕನೋ, ಬ್ಯಾಂಕೋ?

ಈ ಪ್ರಶ್ನೆಗೆ ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಉತ್ತರ ನೀಡಿತು. ತಪ್ಪು ಯಾರದು ಎಂಬುದು ಮೊದಲನೆಯ ವಿಚಾರ. ಗ್ರಾಹಕನು ಎಷ್ಟು ಬೇಗ ಬ್ಯಾಂಕಿಗೆ ತಿಳಿಸಿದನು ಎಂಬುದು ಎರಡನೆಯದು. ದಕ್ಷಿಣ ಬೆಂಗಳೂರಿನ ಮೂವರು ಗ್ರಾಹಕರನ್ನು ಕಲ್ಪಿಸಿಕೊಂಡರೆ ಆ ಸುತ್ತೋಲೆಯ ನಿಯಮಗಳು ಸುಲಭವಾಗಿ ಅರ್ಥವಾಗುತ್ತವೆ.

ಜಯನಗರದ ನಿವೃತ್ತ ಉಪಾಧ್ಯಾಯರೊಬ್ಬರ ಪಿಂಚಣಿಯ ಹಣವು ಬ್ಯಾಂಕಿನ ನೌಕರನೊಬ್ಬನ ಮೋಸದಿಂದ ಹೋಯಿತೆನ್ನೋಣ. ಇಲ್ಲಿ ತಪ್ಪು ಬ್ಯಾಂಕಿನದು. ಉಪಾಧ್ಯಾಯರು ದೂರು ಕೊಡಲಿ, ಬಿಡಲಿ, ಪೂರ್ಣ ನಷ್ಟವನ್ನು ಬ್ಯಾಂಕೇ ಭರಿಸಬೇಕು.

ಬನಶಂಕರಿಯ ಗೃಹಿಣಿಯೊಬ್ಬರ ಉಳಿತಾಯ ಖಾತೆಯಿಂದ 30,000 ರೂಪಾಯಿಗಳನ್ನು ವಂಚಕರು ತೆಗೆದರೆನ್ನೋಣ. ತಪ್ಪು ಆಕೆಯದೂ ಅಲ್ಲ, ಬ್ಯಾಂಕಿನದೂ ಅಲ್ಲ. ನಡುವಣ ವ್ಯವಸ್ಥೆಯಲ್ಲಿ ಎಲ್ಲಿಯೋ ಲೋಪವಾಗಿದೆ. ಬ್ಯಾಂಕಿನಿಂದ ಸಂದೇಶ ಬಂದ ಮೇಲೆ ಮೂರು ಕೆಲಸದ ದಿನಗಳೊಳಗೆ ಆಕೆ ತಿಳಿಸಿದರೆ ನಷ್ಟವೇನೂ ಇಲ್ಲ. ನಾಲ್ಕರಿಂದ ಏಳು ದಿನಗಳೊಳಗೆ ತಿಳಿಸಿದರೆ ಆಕೆಯ ಪಾಲಿನ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ಉಳಿದ 20,000 ಬ್ಯಾಂಕಿನದು. ಮೂಲಭೂತ ಉಳಿತಾಯ ಖಾತೆಯಾದರೆ ಈ ಮಿತಿ 5,000 ರೂಪಾಯಿ. ಏಳು ದಿನಗಳು ಕಳೆದರೆ ಆಯಾ ಬ್ಯಾಂಕಿನ ಆಡಳಿತ ಮಂಡಲಿಯ ನೀತಿಯಂತೆ ತೀರ್ಮಾನವಾಗುತ್ತದೆ. ಸಂದೇಶ ಬಂದ ದಿನವನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ಮೂರನೆಯವನು ಬಿ.ಟಿ.ಎಂ. ಬಡಾವಣೆಯ ತರುಣ. ಬ್ಯಾಂಕಿನ ಅಧಿಕಾರಿಯೆಂದು ಹೇಳಿಕೊಂಡವನೊಬ್ಬನಿಗೆ ಅವನು ಫೋನಿನಲ್ಲಿ ಓ.ಟಿ.ಪಿ.ಯನ್ನು ತಿಳಿಸಿಬಿಟ್ಟನು. ಕೂಡಲೇ 15,000 ರೂಪಾಯಿ ಹೋಯಿತು. ಇದು ಗ್ರಾಹಕನದೇ ಅಜಾಗರೂಕತೆ. ಆದುದರಿಂದ ಆ ನಷ್ಟ ಅವನದೇ. ಆದರೆ ಅವನು ಬ್ಯಾಂಕಿಗೆ ತಿಳಿಸಿದ ಅನಂತರವೂ ಮತ್ತೆ 25,000 ರೂಪಾಯಿ ಹೋದರೆ, ಅದರ ಹೊಣೆ ಬ್ಯಾಂಕಿನದಾಗುತ್ತದೆ. ತಪ್ಪು ಮಾಡಿದವನಿಗೂ ಬೇಗನೆ ತಿಳಿಸುವುದರಿಂದ ಪ್ರಯೋಜನವುಂಟು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತಪ್ಪು ಗ್ರಾಹಕನದೆಂದು ಹೇಳಿದರೆ ಸಾಲದು. ಅದನ್ನು ಸಾಬೀತುಪಡಿಸುವ ಹೊರೆಯನ್ನು ಸುತ್ತೋಲೆಯು ಬ್ಯಾಂಕಿನ ಮೇಲೆಯೇ ಹೊರಿಸಿತು. ದೂರು ಬಂದ ಹತ್ತು ಕೆಲಸದ ದಿನಗಳೊಳಗೆ ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕೆಂದೂ, 90 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕೆಂದೂ ವಿಧಿಸಿತು. ಇಂತಹ ನಿಯಮಗಳನ್ನು ಕಾಲಕಾಲಕ್ಕೆ ಪರಿಷ್ಕರಿಸುವುದುಂಟು. ಆದುದರಿಂದ ಗ್ರಾಹಕರು ಚಾಲ್ತಿಯಲ್ಲಿರುವ ನಿಯಮವನ್ನು ತಮ್ಮ ಬ್ಯಾಂಕಿನಲ್ಲಿ ಕೇಳಿ ತಿಳಿಯಬೇಕು.

ಇಂತಹ ಅಪರಾಧಗಳ ತನಿಖೆಗೆಂದು 2001ರಲ್ಲಿಯೇ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆ ಸ್ಥಾಪನೆಯಾಯಿತು. ಈಗ ದೇಶದ ಯಾವ ಭಾಗದಿಂದಲಾದರೂ 1930 ಎಂಬ ಸಂಖ್ಯೆಗೆ ಕರೆಮಾಡಿ ದೂರು ನೀಡಬಹುದು. ವಂಚಕರು ಕದ್ದ ಹಣವನ್ನು ಬೇಗಬೇಗನೆ ಖಾತೆಯಿಂದ ಖಾತೆಗೆ ಸಾಗಿಸುತ್ತಾರೆ. ಆದಕಾರಣ ಕರೆ ಎಷ್ಟು ಬೇಗ ಹೋದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಮೋಸಹೋದವರು ಅನೇಕ ವೇಳೆ ನಾಚಿಕೆಯಿಂದ ಮನೆಯವರಿಗೂ ಹೇಳದೆ ದಿನಗಳನ್ನು ಕಳೆಯುತ್ತಾರೆ. ಆ ಮೌನವೇ ಅವರ ನಷ್ಟವನ್ನು ಹೆಚ್ಚಿಸುತ್ತದೆ. ಬ್ಯಾಂಕಿನಿಂದ ಬರುವ ಸಂದೇಶಗಳನ್ನು ಅಂದಂದೇ ಓದುವುದು, ಓ.ಟಿ.ಪಿ.ಯನ್ನು ಯಾರಿಗೂ ಹೇಳದಿರುವುದು, ಸಂಶಯ ಬಂದೊಡನೆ ಬ್ಯಾಂಕಿಗೆ ತಿಳಿಸುವುದು, ಇವು ಗ್ರಾಹಕನ ಕರ್ತವ್ಯಗಳು. ಓದಲು ಕಷ್ಟಪಡುವ ಅಜ್ಜ ಅಜ್ಜಿಯರಿಗೆ ಆ ಸಂದೇಶಗಳನ್ನು ಓದಿ ಹೇಳುವ ಕೆಲಸವನ್ನು ವಿದ್ಯಾರ್ಥಿಗಳೂ ಮಾಡಬಲ್ಲರು.