ಗುಣವಾದ ಮೇಲೆ ಉಳಿಯುವ ನೇಮ

ಮಳೆಗಾಲದ ಒಂದು ಸಂಜೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಕೊಪ್ಪ ತಾಲ್ಲೂಕಿನ ಮೇಗುಂದ ಹೋಬಳಿಯಲ್ಲಿ, ಅಡಿಕೆ ತೋಟದ ಅಂಚಿಗೆ, ಒಂದು ಮುಸ್ಲಿಮ್ ಮನೆ. ಮನೆಯಾಕೆಗೆ ತಿಂಗಳುಗಟ್ಟಲೆ ನಿದ್ರೆಯಿಲ್ಲ, ಎದೆಯಲ್ಲಿ ಕಾರಣವಿಲ್ಲದ ನಡುಕ, ಊಟ ಸೇರದು. ವೈದ್ಯರಿಗೆ ತೋರಿಸಿಯೂ ಆಗಿದೆ. ಕೊನೆಗೆ ಮಸೀದಿಯ ಉಸ್ತಾದರು ಬಂದು ಕೆಲವು ದಿನ ಕುರ್‌ಆನಿನ ಅಧ್ಯಾಯಗಳನ್ನು ಓದಿ, ಬಟ್ಟಲ ನೀರಿಗೆ ಊದಿ, ಕುಡಿಯಲು ಕೊಟ್ಟರು. ಆಕೆಗೆ ನಿದ್ರೆ ಬಂತು, ಹಸಿವೂ ಬಂತು. ಹೊರಡುವಾಗ ಉಸ್ತಾದರು ಹೇಳಿದ್ದು ಒಂದೇ ಮಾತು: ಐದು ಹೊತ್ತಿನ ನಿಸ್ಕಾರವನ್ನು ತಪ್ಪಿಸಬೇಡಿ, ಬೆಳಿಗ್ಗೆ ಸಂಜೆ ಓದುವುದನ್ನು ಬಿಡಬೇಡಿ.

ಈ ಮನೆ ಊಹೆಯದು. ಆದರೆ ಘಟ್ಟದ ಕೆಳಗಿನಿಂದ ವ್ಯಾಪಾರಕ್ಕೆಂದು ಹತ್ತಿ ಬಂದು ಮಲೆನಾಡಿನಲ್ಲಿ ನೆಲೆಸಿದ ಬ್ಯಾರಿ ಮನೆಗಳಲ್ಲಾಗಲಿ, ಕೊಪ್ಪ, ನರಸಿಂಹರಾಜಪುರಗಳ ಉರ್ದು ಮನೆಮಾತಿನ ಕುಟುಂಬಗಳಲ್ಲಾಗಲಿ, ಇಂಥ ಸಂಜೆಯನ್ನು ಅರಿಯದವರು ವಿರಳ. ಮುಂದೆ ನಡೆಯುವುದೂ ಎಲ್ಲರಿಗೆ ತಿಳಿದದ್ದೆ. ಮೊದಲ ವಾರ ಉಸ್ತಾದರ ಮಾತು ಚಾಚೂ ತಪ್ಪದೆ ನಡೆಯುತ್ತದೆ. ಎರಡನೆಯ ವಾರ ಬೆಳಗಿನ ಓದು ಬಿಟ್ಟುಹೋಗುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಎಲ್ಲವೂ ಮೊದಲಿನಂತೆ. ಆಮೇಲೊಂದು ರಾತ್ರಿ ನಿದ್ರೆ ಕೆಟ್ಟರೆ, ಮತ್ತೆ ಉಸ್ತಾದರನ್ನು ಕರೆಯಿರಿ, ಇಲ್ಲವೆ ಇನ್ನೊಬ್ಬರನ್ನು ಹುಡುಕಿರಿ ಎಂಬ ಮಾತು ಏಳುತ್ತದೆ. ಓದಿ ಊದಿಸಿಕೊಳ್ಳುವುದಕ್ಕೂ ಆಮೇಲಿನ ದಿನಚರಿಗೂ ಇರುವ ನಂಟು ಎಂಥದು ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಓದಿ ಗುಣಪಡಿಸುವ ಈ ಕ್ರಮಕ್ಕೆ ಅರಬಿಯಲ್ಲಿ ರುಕ್ಯಾ ಎಂದು ಹೆಸರು. ಪ್ರವಾದಿ ಮುಹಮ್ಮದರ ಕಾಲದ ಒಂದು ಪ್ರಸಂಗ ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಅವರ ಸಂಗಡಿಗರು ಕೆಲವರು ಪ್ರಯಾಣದಲ್ಲಿದ್ದಾಗ ಒಂದು ಬುಡಕಟ್ಟಿನವರು ಅವರಿಗೆ ಆತಿಥ್ಯವನ್ನು ನಿರಾಕರಿಸಿದರು. ಅಷ್ಟರಲ್ಲಿ ಆ ಬುಡಕಟ್ಟಿನ ಮುಖಂಡನಿಗೆ ವಿಷಜಂತು ಕಚ್ಚಿತು. ಸಂಗಡಿಗರಲ್ಲೊಬ್ಬರು ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾವನ್ನು ಓದಿದರು, ಆತ ಚೇತರಿಸಿಕೊಂಡ. ಪ್ರತಿಫಲವಾಗಿ ಬಂದ ಕುರಿಗಳನ್ನು ಮುಟ್ಟುವುದೋ ಬೇಡವೋ ಎಂಬ ಸಂದೇಹದಿಂದ ಅವರು ಪ್ರವಾದಿಯವರನ್ನು ಕೇಳಿದಾಗ ಅವರು ಸಮ್ಮತಿಸಿದರು. 15ನೆಯ ಶತಮಾನದ ಹದೀಸ್ ಪಂಡಿತ ಇಬ್ನ್ ಹಜರ್ ಇಂಥ ಓದಿಗೆ ಮೂರು ನಿಬಂಧನೆಗಳನ್ನು ಹೇಳಿದ್ದಾನೆ: ಓದುವುದು ದೇವರ ವಾಕ್ಯ ಅಥವಾ ನಾಮಗಳಾಗಿರಬೇಕು, ಅರಬಿಯಲ್ಲಿ ಇಲ್ಲವೆ ಅರ್ಥವಾಗುವ ಬೇರೆ ಭಾಷೆಯಲ್ಲಿರಬೇಕು, ಗುಣವಾಗುವುದು ಓದಿನ ಸ್ವಂತ ಬಲದಿಂದಲ್ಲ, ದೇವರಿಂದ ಎಂದು ನಂಬಿರಬೇಕು. ಓದುವವನ ಬಾಯಿಗಾಗಲಿ ಬಟ್ಟಲ ನೀರಿಗಾಗಲಿ ಸ್ವತಂತ್ರವಾದ ಶಕ್ತಿಯಿಲ್ಲವೆಂಬುದು ಈ ಮೂರನೆಯ ಮಾತಿನ ತಾತ್ಪರ್ಯ.

ಉಸ್ತಾದರು ಓದುವ ಅಧ್ಯಾಯಗಳಾದರೂ ಯಾವುವು? ಫಾತಿಹಾ, ಆಯತುಲ್ ಕುರ್ಸಿ ಎಂದು ಹೆಸರಾದ ವಾಕ್ಯ, ಕೊನೆಯ ಮೂರು ಚಿಕ್ಕ ಅಧ್ಯಾಯಗಳಾದ ಇಖ್ಲಾಸ್, ಫಲಕ್ ಮತ್ತು ನಾಸ್. ಈ ಮೂರರಲ್ಲಿ ಕ್ರಮವಾಗಿ 4, 5, 6 ವಾಕ್ಯಗಳು. ಮದರಸಕ್ಕೆ ಹೋಗುವ ಮಗು ಮೊದಮೊದಲು ಬಾಯಿಪಾಠ ಮಾಡುವುದು ಇವನ್ನೇ. ಪ್ರವಾದಿಯವರು ಪ್ರತಿ ರಾತ್ರಿ ಹಾಸಿಗೆಗೆ ಬಂದಾಗ ಎರಡು ಅಂಗೈಗಳನ್ನು ಜೋಡಿಸಿ, ಈ ಮೂರನ್ನು ಓದಿ ಊದಿ, ಕೈಗೆ ನಿಲುಕುವಷ್ಟು ಮೈಯನ್ನು ಮೂರು ಬಾರಿ ಸವರಿಕೊಳ್ಳುತ್ತಿದ್ದರೆಂದು ಪತ್ನಿ ಆಯಿಶಾ ಹೇಳಿದ್ದಾರೆ. ರೋಗ ಬಂದ ರಾತ್ರಿಯಷ್ಟೇ ಅಲ್ಲ, ಪ್ರತಿ ರಾತ್ರಿ. ಎಂದಮೇಲೆ, ತನಗಾಗಿ ತಾನೇ ಓದಿಕೊಳ್ಳುವುದು ನಿತ್ಯದ ನಿಯಮ. ಇನ್ನೊಬ್ಬರಿಂದ ಓದಿಸಿಕೊಳ್ಳುವುದು ಕೈಲಾಗದಿದ್ದಾಗಿನ ಆಸರೆ. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಆಸರೆಯನ್ನೇ ನಿಯಮ ಮಾಡಿಕೊಂಡಿದ್ದೇವೆ. ಉಸ್ತಾದರು ಹೊರಡುವಾಗ ಹೇಳಿದ ಮಾತು ಔಷಧಕ್ಕೆ ಸೇರಿಸಿದ ಪಥ್ಯವಲ್ಲ. ರೋಗಿಯ ಕೈಯಿಂದ ಜಾರಿದ್ದನ್ನು ಮತ್ತೆ ಅವಳ ಕೈಗೇ ಒಪ್ಪಿಸುವ ಮಾತು.

ತೋಟದವರು ಇದಕ್ಕೆ ಒಂದು ಹೋಲಿಕೆ ಹೇಳುತ್ತಾರೆ. ಅಡಿಕೆಯ ಕೊಳೆರೋಗವನ್ನು ಕುರಿತು ಮೈಸೂರು ಸಂಸ್ಥಾನದ ವಿಜ್ಞಾನಿ ಕೋಲ್ಮನ್ 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣ ಮಲೆನಾಡಿಗೆ ಬಂದುದು ಆ ಕಾಲದಲ್ಲಿ. ಒಂದು ವರ್ಷ ಔಷಧಿ ಹೊಡೆದು ಕೊನೆ ಉಳಿಯಿತೆಂದು ಮರುವರ್ಷ ಬಿಡುವಂತಿಲ್ಲ. ಮಳೆ ಹಿಡಿಯುವ ಮುಂಚೆ ಒಮ್ಮೆ, ಸುಮಾರು 40 ದಿನ ಕಳೆದು ಇನ್ನೊಮ್ಮೆ ಹೊಡೆಯಲೇಬೇಕು. ಹೋಲಿಕೆ ಸೊಗಸಾಗಿದೆ. ಆದರೆ ಅದು ಅರ್ಧದಾರಿಗೆ ನಿಲ್ಲುತ್ತದೆ. ಔಷಧಿ ಹೊಡೆಯುವುದು ಕೊಳೆಯ ಭಯದಿಂದ. ಕೊಳೆಯೇ ಇಲ್ಲದ ಸೀಮೆಯಲ್ಲಿ ಯಾರೂ ಹೊಡೆಯುವುದಿಲ್ಲ. ನಿತ್ಯದ ಪ್ರಾರ್ಥನೆಯೂ ಬರಿಯ ರೋಗಭಯದಿಂದಲೇ ನಡೆಯುತ್ತಿದ್ದರೆ, ಭಯ ಕಳೆದ ದಿನವೇ ಅದೂ ನಿಲ್ಲಬೇಕಷ್ಟೆ. ಗುಣವಾದವರ ಮನೆಗಳಲ್ಲಿ ಓದು ನಿಂತುಹೋಗುವುದು ಈ ಕಾರಣದಿಂದಲೇ.

ಇದಕ್ಕಿಂತ ಆಳವಾದ ಹೋಲಿಕೆಯೊಂದು ಅರಬಿ ಭಾಷೆಯಲ್ಲೇ ಅಡಗಿದೆ. ದಿನದ ಗೊತ್ತಾದ ಹೊತ್ತಿನಲ್ಲಿ ಗೊತ್ತಾದಷ್ಟು ಮಾಡುವ ಓದಿಗೆ, ಧ್ಯಾನಕ್ಕೆ ವಿರ್ದ್ ಎಂದು ಹೆಸರು. ಅದರ ಬಹುವಚನ ಔರಾದ್. ಈ ಪದದ ಮೂಲಾರ್ಥ ನೀರಿಗೆ ಬರುವುದು. ಮರುಭೂಮಿಯಲ್ಲಿ ಒಂಟೆಗಳ ಹಿಂಡು ತನ್ನ ಸರದಿಯಂತೆ ನೀರಿನ ತಾಣಕ್ಕೆ ಬಂದು ಕುಡಿದು ಹೋಗುವುದಕ್ಕೆ ಅರಬರು ಬಳಸುತ್ತಿದ್ದ ಮಾತಿದು. ಒಂಟೆ ನೀರಿಗೆ ಬರುವುದು ರೋಗದ ಭಯದಿಂದಲ್ಲ, ಬಾಯಾರಿಕೆಯಿಂದ. ನಿನ್ನೆ ಕುಡಿದೆನಲ್ಲಾ ಎಂದು ಇಂದು ಅದು ದಾರಿ ಬದಲಿಸುವುದಿಲ್ಲ. ರುಕ್ಯಾವು ಬಿದ್ದವರಿಗೆ ಯಾರೋ ಬೊಗಸೆಯಲ್ಲಿ ತಂದುಕೊಟ್ಟ ನೀರಾದರೆ, ವಿರ್ದ್ ತಾನೇ ನಡೆದು ಹೋಗಿ ಕುಡಿಯುವ ನೀರು.

ಈ ವಿಷಯವನ್ನು ವಿಸ್ತಾರವಾಗಿ ಬರೆದವನು 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ. ತನ್ನ ‘ಇಹ್ಯಾ ಉಲೂಮಿದ್ದೀನ್’ ಎಂಬ ಮಹಾಗ್ರಂಥದ ಒಂದು ಭಾಗವನ್ನು ಔರಾದ್‌ಗಳ ವಿಂಗಡಣೆಗೇ ಮೀಸಲಿಟ್ಟಿದ್ದಾನೆ. ಹಗಲಿನ ಹೊತ್ತನ್ನೇ ಅವನು ಏಳು ಪಾಲು ಮಾಡುತ್ತಾನೆ. ಇಷ್ಟನ್ನೂ ನಡೆಸಲು ಸಂಸಾರಿಗೆ ಸಾಧ್ಯವೇ ಎಂಬ ಪ್ರಶ್ನೆ ಸಹಜ. ಗಝಾಲಿ ಅದಕ್ಕೂ ಉತ್ತರಿಸಿದ್ದಾನೆ. ಎಲ್ಲರಿಗೂ ಒಂದೇ ಅಳತೆಯಲ್ಲ; ಏಕಾಂತ ಸಾಧಕನದು ಬೇರೆ, ವಿದ್ವಾಂಸನದು ಬೇರೆ, ಹೆಂಡತಿ ಮಕ್ಕಳಿಗಾಗಿ ದುಡಿಯುವ ಕಸುಬುದಾರನದು ಬೇರೆ. ದುಡಿಯುವವನು ಸಂಸಾರವನ್ನು ಉಪವಾಸ ಕೆಡವಿ ಜಪಕ್ಕೆ ಕೂರುವುದು ಸಲ್ಲ. ದುಡಿಮೆಯ ಹೊತ್ತಿನಲ್ಲಿ ದುಡಿಮೆಯೇ ಅವನ ವಿರ್ದ್. ಕೈ ಕೆಲಸದಲ್ಲಿರಲಿ, ದೇವರ ಸ್ಮರಣೆಯನ್ನು ಮಾತ್ರ ಮರೆಯದಿರಲಿ ಎನ್ನುತ್ತಾನೆ. ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂತವರಿಗೂ, ಪೇಟೆಯಲ್ಲಿ ಅಂಗಡಿ ಇಟ್ಟವರಿಗೂ ಇದಕ್ಕಿಂತ ಸಮಾಧಾನದ ಮಾತು ಬೇಕೆ?

ದುಡಿಯುವವರನ್ನು ಕುರಿತ ಇನ್ನೊಂದು ಪ್ರಸಂಗ ಇದಕ್ಕೂ ಹಳೆಯದು. ಪ್ರವಾದಿಯವರ ಮಗಳು ಫಾತಿಮಾರಿಗೆ ಬೀಸುವ ಕಲ್ಲಿನಿಂದ ಕೈ ನೋಯುತ್ತಿತ್ತು. ಮನೆಗೆಲಸಕ್ಕೆ ಒಬ್ಬ ಆಳನ್ನು ಕೇಳಲು ತಂದೆಯ ಮನೆಗೆ ಹೋದರು. ಆ ರಾತ್ರಿ ತಂದೆಯೇ ಮಗಳ ಮನೆಗೆ ಬಂದು, ಆಳಿಗಿಂತ ಮಿಗಿಲಾದುದೆಂದು ಕಲಿಸಿಕೊಟ್ಟದ್ದು, ಮಲಗುವ ಮುನ್ನ ದೇವರ ಪರಿಶುದ್ಧತೆಯನ್ನು 33, ಸ್ತುತಿಯನ್ನು 33, ಹಿರಿಮೆಯನ್ನು 34 ಬಾರಿ ಹೇಳುವುದನ್ನು. ಒಟ್ಟು ನೂರು, ಹೇಳಿ ಮುಗಿಸಲು ಕೆಲವೇ ನಿಮಿಷ ಸಾಕು. ಅಂದಿನಿಂದ ಅದನ್ನು ಒಂದು ರಾತ್ರಿಯೂ ಬಿಡಲಿಲ್ಲವೆಂದು ಅವರ ಪತಿ ಅಲಿ ಮುಂದೆ ಹೇಳಿದರು. 657ರ ಸಿಫ್ಫೀನ್ ಯುದ್ಧದ ರಾತ್ರಿಯೂ ಬಿಡಲಿಲ್ಲವೆ ಎಂದು ಕೇಳಿದಾಗ, ಆ ರಾತ್ರಿಯೂ ಬಿಡಲಿಲ್ಲ ಎಂದರು. ದೇವರಿಗೆ ಬಹು ಪ್ರಿಯವಾದ ಕಾರ್ಯ ಯಾವುದೆಂದರೆ, ಚಿಕ್ಕದಾದರೂ ಎಡೆಬಿಡದೆ ನಡೆಯುವುದು ಎಂಬರ್ಥದ ಪ್ರವಾದಿವಚನಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಇರಲಾರದು. ಗುಣವಾದವರು ಎಡವುವುದು ಇಲ್ಲಿಯೇ. ಕೃತಜ್ಞತೆಯ ಭರದಲ್ಲಿ ಗಂಟೆಗಟ್ಟಲೆ ಓದುವ ಸಂಕಲ್ಪ ಮಾಡಿಕೊಳ್ಳುತ್ತಾರೆ. ಹೊರಲಾರದ ಹೊರೆ ಬೇಗ ಇಳಿಯುತ್ತದೆ. ಅದಕ್ಕೆ ಬದಲು, ಹೇಗೂ ತಪ್ಪದ ಕೆಲಸವೊಂದಕ್ಕೆ ಓದನ್ನು ಹೊಂದಿಸಬೇಕು: ಬೆಳಗಿನ ನಿಸ್ಕಾರ ಮುಗಿಸಿ ಒಲೆ ಹೊತ್ತಿಸುವ ಮೊದಲು, ಸಂಜೆ ಮಗ್ರಿಬ್ ನಿಸ್ಕಾರವಾಗಿ ಮಕ್ಕಳು ಪಾಠಕ್ಕೆ ಕೂತಾಗ, ರಾತ್ರಿ ದೀಪ ಆರಿಸುವಾಗ. ನಿಸ್ಕಾರಕ್ಕೆ ವಿನಾಯಿತಿಯಿರುವ ದಿನಗಳಲ್ಲಿಯೂ ಹೆಂಗಸರ ದೇವಸ್ಮರಣೆಗೆ ಅಡ್ಡಿಯಿಲ್ಲ.

ಇನ್ನು ಎರಡು ಎಚ್ಚರಿಕೆಯ ಮಾತುಗಳನ್ನು ಹೇಳದೆ ವಿಧಿಯಿಲ್ಲ. ಒಂದು, ಓದು ಆಸ್ಪತ್ರೆಯ ದಾರಿಗೆ ಅಡ್ಡ ಬರಬಾರದು. ಚಿಕಿತ್ಸೆ ಮಾಡಿಸಿಕೊಳ್ಳಬಹುದೇ ಎಂದು ಕೇಳಿದವರಿಗೆ, ಮಾಡಿಸಿಕೊಳ್ಳಿ, ಮುಪ್ಪೊಂದನ್ನು ಬಿಟ್ಟು ಮದ್ದಿಲ್ಲದ ರೋಗವನ್ನು ದೇವರು ಇಟ್ಟಿಲ್ಲ ಎಂಬರ್ಥದ ಉತ್ತರವನ್ನು ಪ್ರವಾದಿಯವರೇ ಕೊಟ್ಟಿದ್ದಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳನ್ನೂ ಬಿಟ್ಟಿಲ್ಲ. ಉಣುಗು ಕಚ್ಚಿ ಏರಿದ ಆ ಜ್ವರಕ್ಕೆ ಊದಿದ ನೀರನ್ನೇ ನಂಬಿ ಎರಡು ದಿನ ಕಳೆದರೆ ಜೀವಕ್ಕೇ ಎರವಾದೀತು. ಮನಸ್ಸಿನ ಕಾಯಿಲೆಗೆ ವೈದ್ಯರು ಕೊಟ್ಟ ಮಾತ್ರೆಯನ್ನು, ಓದು ಹಿಡಿದಿದೆಯೆಂದು ತಾನಾಗಿ ನಿಲ್ಲಿಸುವುದೂ ಅಷ್ಟೇ ಅಪಾಯ.

ಎರಡನೆಯದು, ನೇಮವೇ ಹೊಸ ರೋಗವಾಗಬಾರದು. ಒಂದು ಹೊತ್ತು ತಪ್ಪಿದರೆ ಹೋದದ್ದು ಮರಳಿ ಬಂದೀತೆಂದು ಬೆದರುವವರಿದ್ದಾರೆ. ವುಜೂ ಸರಿಯಾಗಲಿಲ್ಲವೆಂದು ಕೈಕಾಲುಗಳನ್ನು ಮತ್ತೆ ಮತ್ತೆ ತೊಳೆಯುತ್ತ ಕೂರುವವರಿದ್ದಾರೆ. ಇದನ್ನು ಇಸ್ಲಾಮಿನ ಪರಂಪರೆ ವಸ್‌ವಾಸ್ ಎಂದು ಗುರುತಿಸಿದೆ. ಕುರ್‌ಆನಿನ ಕೊನೆಯ ಅಧ್ಯಾಯವಾದ ನಾಸ್ ರಕ್ಷಣೆ ಬೇಡುವುದೇ ಎದೆಯೊಳಗೆ ಪಿಸುಗುಟ್ಟುವ ಈ ವಸ್‌ವಾಸಿನಿಂದ ಎಂಬುದು ಗಮನಾರ್ಹ. ವುಜೂವಿನಲ್ಲಿ ಅಂಗಗಳನ್ನು ಮೂರು ಬಾರಿ ತೊಳೆದರೆ ಮುಗಿಯಿತು. ಅದಕ್ಕೆ ಮೀರಿದ್ದು ಭಕ್ತಿಯಲ್ಲ. ಹಾಗೆಯೇ, ರಾತ್ರಿಯ ಓದು ನಿದ್ರೆಯಿಂದ ತಪ್ಪಿಹೋದರೆ ಬೆಳಗಿನ ನಿಸ್ಕಾರಕ್ಕೂ ನಡುಹಗಲಿನ ನಿಸ್ಕಾರಕ್ಕೂ ನಡುವೆ ಓದಿಕೊಳ್ಳಬಹುದು, ಅದು ರಾತ್ರಿಯ ಲೆಕ್ಕಕ್ಕೇ ಸೇರುತ್ತದೆ ಎಂದು ಹದೀಸ್ ಭರವಸೆ ಕೊಡುತ್ತದೆ. ತಪ್ಪಿದ್ದು ಮುರಿದುಬಿದ್ದಂತಲ್ಲ, ಮರಳಿ ಬರಲು ದಾರಿ ತೆರೆದೇ ಇದೆ.

ಇಷ್ಟೆಲ್ಲ ಮಾಡಿದರೆ ಕಾಯಿಲೆ ಮತ್ತೆ ಬಾರದೆ? ಹಾಗೆಂದು ಯಾರೂ ಮಾತು ಕೊಡಲಾರರು. ಆರೋಗ್ಯದ ದಿನಗಳಲ್ಲಿ ಮಾಡುತ್ತಿದ್ದ ಸತ್ಕರ್ಮ, ಕಾಯಿಲೆ ಬಿದ್ದು ಮಾಡಲಾಗದೆ ಹೋದಾಗಲೂ ದೇವರ ಲೆಕ್ಕದಲ್ಲಿ ಬರೆಯಲ್ಪಡುತ್ತದೆ ಎಂದು ಪ್ರವಾದಿಯವರು ಹೇಳಿದ್ದಾರೆ. ಕಾಯಿಲೆ ಮತ್ತೆ ಬರಬಹುದೆಂಬುದನ್ನು ಈ ಮಾತು ಒಪ್ಪಿಕೊಂಡೇ ನಡೆಯುತ್ತದೆ. ನೇಮ ಕಾಯಿಲೆಗೆ ಹಾಕಿದ ಬೇಲಿಯಲ್ಲ, ಕಾಯಿಲೆಯಲ್ಲೂ ಕೈಬಿಡದ ಸಂಗಾತಿ.

ಪ್ರವಾದಿಯವರ ಕೊನೆಯ ಕಾಯಿಲೆಯನ್ನು ಕುರಿತು ಆಯಿಶಾ ಹೇಳಿದ ಒಂದು ಸಂಗತಿಯಿದೆ. ಪ್ರತಿ ರಾತ್ರಿ ತಾವೇ ಓದಿ ಮೈ ಸವರಿಕೊಳ್ಳುತ್ತಿದ್ದ ಅವರಿಗೆ ಆಗ ಆ ಶಕ್ತಿ ಉಳಿದಿರಲಿಲ್ಲ. ಅದೇ ಅಧ್ಯಾಯಗಳನ್ನು ಆಯಿಶಾ ಓದಿದರು. ಆದರೆ ಸವರಲು ತಮ್ಮ ಕೈಯನ್ನು ಬಳಸಲಿಲ್ಲ. ಪತಿಯ ಕೈಯನ್ನೇ ಹಿಡಿದು, ಅದರಿಂದಲೇ ಅವರ ಮೈಯನ್ನು ಸವರಿದರು. ಅಷ್ಟು ವರ್ಷ ಆ ಕೆಲಸಕ್ಕೆ ಒಗ್ಗಿಹೋಗಿದ್ದ ಕೈ ಅದು. ಮೇಗುಂದದ ಆ ಮನೆಯಾಕೆ ಈ ರಾತ್ರಿ ದೀಪ ಆರಿಸುವ ಮುನ್ನ ತನ್ನ ಎರಡು ಅಂಗೈಗಳನ್ನು ಜೋಡಿಸಿದರೆ, ಉಸ್ತಾದರು ಹೇಳಿ ಹೋದ ಮಾತು ನಡೆದಂತಾಯಿತು.

(ಬಾನುಲಿ ಭಾಷಣ)