ತಲೆಬರಹಕ್ಕೆ ಗೆರೆಯೋ, ಹ್ಯಾಶೋ?

ಮಕ್ಕಳೇ, ಪಾಠದ ಹೆಸರು ಬರೆದ ಕೂಡಲೇ ಸ್ಕೇಲ್ ಇಟ್ಟು ಕೆಳಗೆ ಗೆರೆ ಎಳೆಯುತ್ತೀರಲ್ಲವೇ? ಗೆರೆ ಕಂಡರೆ ಅದು ತಲೆಬರಹ ಎಂದು ಯಾರಿಗಾದರೂ ತಿಳಿಯುತ್ತದೆ. ಆದರೆ ಬರೀ ಅಕ್ಷರಗಳಿರುವ ಕಂಪ್ಯೂಟರ್ ಕಡತದಲ್ಲಿ ಬಣ್ಣವಿಲ್ಲ, ದಪ್ಪಕ್ಷರವಿಲ್ಲ. ಅಲ್ಲಿ ತಲೆಬರಹ ಯಾವುದೆಂದು ಕಂಪ್ಯೂಟರಿಗೆ ತಿಳಿಸುವುದು ಹೇಗೆ?

2004ರಲ್ಲಿ ಜಾನ್ ಗ್ರೂಬರ್ ಎಂಬುವರು ‘ಮಾರ್ಕ್‌ಡೌನ್’ ಎಂಬ ಬರೆಯುವ ಕ್ರಮವನ್ನು ಹೊರತಂದರು. ಅದರಲ್ಲಿ ಕೆಲವು ಚಿಹ್ನೆಗಳನ್ನು ಹಾಕಿದರೆ ಸಾಕು, ತಂತ್ರಾಂಶವು ಅವನ್ನು ಗುರುತಿಸಿ ದೊಡ್ಡಕ್ಷರದ ತಲೆಬರಹ ಮಾಡಿಕೊಡುತ್ತದೆ. ಇದಕ್ಕೆ ಎರಡು ವಿಧಾನಗಳಿವೆ. ಒಂದು, ನಿಮ್ಮ ಸ್ಕೇಲಿನ ಗೆರೆಯಂಥದೇ:

ನಕ್ಷತ್ರಗಳು
==========

ಮುಖ್ಯ ತಲೆಬರಹಕ್ಕೆ ಸಮ ಚಿಹ್ನೆ, ಉಪಶೀರ್ಷಿಕೆಗೆ ಅಡ್ಡಗೆರೆ (-). ಇನ್ನೊಂದು, ಸಾಲಿನ ಮೊದಲಿಗೇ ಹ್ಯಾಶ್ ಚಿಹ್ನೆ:

# ನಕ್ಷತ್ರಗಳು
## ನಕ್ಷತ್ರಗಳ ಬಣ್ಣ
### ನೀಲಿ ನಕ್ಷತ್ರ

ಯಾವುದನ್ನು ಆರಿಸಿಕೊಳ್ಳೋಣ? ಗೆರೆ ನೋಡಲು ಚೆನ್ನ, ಒಪ್ಪಿದೆ. ಆದರೆ ಅದರಲ್ಲಿ ಎರಡೇ ಹಂತ, ಹ್ಯಾಶ್‌ನಲ್ಲಿ ಆರು. ಗೆರೆಯಲ್ಲಿ ಇನ್ನೊಂದು ತೊಡಕೂ ಇದೆ. ಪಾಠ ಮುಗಿಯಿತೆಂದು ಕೊನೆಯ ವಾಕ್ಯದ ಕೆಳಗೇ --- ಎಂದು ಎಳೆದಿರೋ, ಆ ವಾಕ್ಯವೇ ತಲೆಬರಹವಾಗಿ ಬಿಡುತ್ತದೆ! ನಡುವೆ ಒಂದು ಖಾಲಿ ಸಾಲು ಬಿಟ್ಟರೆ ಈ ಗೊಂದಲವಿಲ್ಲ.

ಕನ್ನಡಕ್ಕಂತೂ ಗೆರೆಯ ಅಳತೆ ಕೂಡಿಬರುವುದೇ ಕಷ್ಟ. ‘ನಕ್ಷತ್ರಗಳು’ ಪದದಲ್ಲಿ ನಮ್ಮ ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರ್ ಒತ್ತು, ಕೊಂಬುಗಳನ್ನೆಲ್ಲ ಬಿಡಿಸಿ ಹತ್ತು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ‘ಕ್ಷ’ ಒಂದೇ ಅಲ್ಲಿ ಮೂರು: ಕ, ವಿರಾಮ ಚಿಹ್ನೆ (್), ಷ. ಐದು ಸಮ ಚಿಹ್ನೆ ಹಾಕಬೇಕೋ ಹತ್ತೋ? ಉದ್ದ ಹೊಂದಲೇಬೇಕೆಂಬ ನಿಯಮವಿಲ್ಲ, ನಿಜ. ಆದರೂ ಗೆರೆ ಗಿಡ್ಡವಾದರೆ ಅದರ ಅಂದವೇ ಹೋಯಿತಲ್ಲ! ಆದ್ದರಿಂದ ನನ್ನ ಮತ ಹ್ಯಾಶ್‌ಗೇ. ಹ್ಯಾಶ್ ಆದ ಮೇಲೆ ಒಂದು ಜಾಗ ಬಿಡಿ; ಬಿಡದಿದ್ದರೆ ಹಲವು ತಂತ್ರಾಂಶಗಳು ಅದನ್ನು ತಲೆಬರಹವೆಂದು ಗುರುತಿಸವು.

ಇಷ್ಟೆಲ್ಲ ಏಕೆ, ಅಕ್ಷರ ದಪ್ಪ ಮಾಡಿದರೆ ಸಾಲದೇ ಎನ್ನುತ್ತೀರಾ? ಕಣ್ಣು ಕಾಣದವರಿಗೆ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶಗಳಿವೆ. ನಾವು ಪುಟ ತಿರುವಿ ಹಾಕುವಂತೆ ಅವರು ಕೀಲಿ ಒತ್ತಿ ಒಂದು ತಲೆಬರಹದಿಂದ ಇನ್ನೊಂದಕ್ಕೆ ಜಿಗಿಯುತ್ತಾರೆ. ಬರೀ ದಪ್ಪಕ್ಷರವಿದ್ದರೆ ಜಿಗಿಯಲು ಅಲ್ಲಿ ಮೆಟ್ಟಿಲೇ ಇರುವುದಿಲ್ಲ. ಬೇಕಾದ ಭಾಗ ಸಿಗುವವರೆಗೂ ಎಲ್ಲವನ್ನೂ ಕೇಳುತ್ತ ಕೂರಬೇಕು. ಒಂದು ಹ್ಯಾಶ್‌ನಿಂದ ನೇರವಾಗಿ ನಾಲ್ಕಕ್ಕೆ ಹಾರಿದರೂ, ನಡುವೆ ಏನೋ ತಪ್ಪಿಹೋಯಿತೆಂದು ಅವರು ಹುಡುಕುವಂತಾಗುತ್ತದೆ.

ಮಾಡಿ ನೋಡಿ: ನಿಮ್ಮ ವಿಜ್ಞಾನ ಪುಸ್ತಕದ ಒಂದು ಪಾಠದ ತಲೆಬರಹಗಳನ್ನಷ್ಟೇ ಹ್ಯಾಶ್ ಹಾಕಿ ಬರೆಯಿರಿ. ಎಷ್ಟು ಹಂತ ಬಂತು?